ಮ್ಯಾನ್‌ಹೈಮ್‌ನಲ್ಲಿ ಎಂಟು ನಿಮಿಷ

ಜರ್ಮನಿಗೆ ಹೋಗಬೇಕೆಂದು ನಾವು ಮೊದಲ ಸಲ ಮಾತಾಡಿಕೊಂಡಾಗ ಮಗಳು ಇನ್ನೂ ಹುಟ್ಟಿರಲಿಲ್ಲ. ಈಗ ಅವಳಿಗೆ ಒಂಬತ್ತು ವರ್ಷ. ನಡುವೆ ಮನೆ ಸಾಲ ಬಂತು, ಕೊರೊನಾ ಬಂತು, ಪ್ರತಿ ಬೇಸಿಗೆಗೂ ಲೆಕ್ಕ ಹಾಕಿದಂತೆ ಒಂದು ರಿಲೀಸ್ ಬಂತು. ಕಳೆದ ವರ್ಷ ಆಫೀಸಿನಲ್ಲಿ ನನ್ನ ಸಾಲಿನಲ್ಲಿ ಕೂರುತ್ತಿದ್ದ ಆರು ಜನರಲ್ಲಿ ಇಬ್ಬರನ್ನು ಒಂದೇ ಮಧ್ಯಾಹ್ನ ಮನೆಗೆ ಕಳಿಸಿದರು. ಪ್ರವಾಸದ ಮಾತು ಇನ್ನು ಮುಗಿಯಿತು ಎಂದುಕೊಂಡೇ ಆವತ್ತು ಮನೆಗೆ ಬಂದೆ. ಹೆಂಡತಿ ಹೇಳಿದ್ದು ಬೇರೆಯೇ.

"ಆರು ತಿಂಗಳ ಖರ್ಚು ತಗದಿಡೂಣು. ಉಳಿದದ್ರಾಗ ಐದು ಲಕ್ಷದಾಗ ಆಗ್ತದ ಅಂದ್ರ ಮೇ ತಿಂಗಳದಾಗ ಹೋಗೂಣು. ಐದರ ಮ್ಯಾಲ ಒಂದು ರೂಪಾಯಿ ಇಲ್ಲ."

ಹೀಗೆ ಪುಣೆಯ ನಮ್ಮ ಮನೆಯಲ್ಲಿ ಒಂದು ಎಕ್ಸೆಲ್ ಶೀಟ್ ಹುಟ್ಟಿತು. ಹತ್ತು ರಾತ್ರಿ, ಏಳು ಊರು: ಫ್ರಾಂಕ್‌ಫರ್ಟ್, ಕಲೋನ್, ಹ್ಯಾಂಬರ್ಗ್, ಬರ್ಲಿನ್, ಡ್ರೆಸ್ಡೆನ್, ಮ್ಯೂನಿಕ್, ಹೈಡೆಲ್‌ಬರ್ಗ್. ಊರಿಂದೂರಿಗೆ ಐಸಿಇ ಎಂಬ ವೇಗದ ಗಾಡಿ. ಮೂರು ಜನರಿಗೆ ಒಟ್ಟು 4 ಲಕ್ಷ 86 ಸಾವಿರ. ಹದಿನೈದು ವರ್ಷ ಪ್ರಾಜೆಕ್ಟ್ ಪ್ಲಾನ್ ಮಾಡಿದ ಕೈ, ಒಂದು ಖಾನೆಯೂ ಖಾಲಿ ಇರಲಿಲ್ಲ. ನನಗೆ ನನ್ನ ಮೇಲೆಯೇ ಅಭಿಮಾನ ಬಂದಿತ್ತು.

ಅಪ್ಪ ಆಗ ನಮ್ಮಲ್ಲೇ ಇದ್ದರು. ವರ್ಷದಲ್ಲಿ ಆರು ತಿಂಗಳು ಹುಬ್ಬಳ್ಳಿ, ಆರು ತಿಂಗಳು ಪುಣೆ. ಎಪ್ಪತ್ತೆರಡು ವರ್ಷ, ಬಲ ಮೊಣಕಾಲು ನೋವು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಈಗ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ಹೆಸರು ಬದಲಾಗಿದೆ; ಅಪ್ಪ ನಿವೃತ್ತರಾಗಿ ಎಂಟು ವರ್ಷದ ಮೇಲೆ ಮ್ಯಾನೇಜರ್ ಆದರು ಎಂದು ಮನೆಯಲ್ಲಿ ನಗುತ್ತೇವೆ. ಸಂಜೆ ಚಹಾ ಹಿಡಿದು ಬಂದು ಲ್ಯಾಪ್‌ಟಾಪಿನ ಮುಂದೆ ಕೂತರು. ಊರು, ಹೋಟೆಲು, ಖರ್ಚು ಯಾವುದನ್ನೂ ನೋಡಲಿಲ್ಲ. ಗಾಡಿಯ ಸಮಯದ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತ ಒಂದು ಕಡೆ ನಿಲ್ಲಿಸಿದರು.

"ಇಲ್ಲಿ, ಮ್ಯಾನ್‌ಹೈಮ್‌ದಾಗ, ಗಾಡಿ ಬದಲಿ ಮಾಡಾಕ ಎಷ್ಟ ಹೊತ್ತ ಐತಿ?"

"ಎಂಟು ನಿಮಿಷ."

"ಹಿಂದಿನ ಗಾಡಿ ಲೇಟಾದ್ರ?"

"ಅಪ್ಪಾ, ಅದು ಜರ್ಮನಿ."

"ಗಾಡಿ ಎಲ್ಲಿದ್ರೂ ಗಾಡೀನ, ತಮ್ಮಾ," ಅಂದು ಚಹಾ ಕುಡಿದರು.

ಅವರಿಗೆ ತೋರಿಸಿಯೇ ಬಿಡೋಣ ಎಂದು ಆ ರಾತ್ರಿ ಹುಡುಕಿದೆ. ಸಿಕ್ಕ ಅಂಕಿ ನನ್ನ ಬಾಯಿ ಮುಚ್ಚಿಸಿತು. 2024ರಲ್ಲಿ ಜರ್ಮನಿಯ ದೂರದ ಗಾಡಿಗಳಲ್ಲಿ ಸಮಯಕ್ಕೆ ಸರಿಯಾಗಿ ನಿಲ್ದಾಣ ತಲುಪಿದ್ದು ಶೇಕಡಾ 62.5. ಅದೂ ಆರು ನಿಮಿಷಕ್ಕಿಂತ ಕಡಿಮೆ ತಡವಾದರೆ ಅದನ್ನು ಸಮಯಕ್ಕೆ ಸರಿ ಎಂದೇ ಲೆಕ್ಕ ಹಿಡಿಯುತ್ತಾರೆ. ಅಂದರೆ 'ಸರಿಯಾದ ಸಮಯಕ್ಕೆ' ಬಂದ ಗಾಡಿಯೇ ನನ್ನ ಎಂಟು ನಿಮಿಷದಲ್ಲಿ ಐದನ್ನು ತಿಂದುಬಿಡಬಹುದು. ಉಳಿದ ಮೂರರಲ್ಲಿ ಸೂಟ್‌ಕೇಸು, ಮಗಳು, ಮೆಟ್ಟಿಲು.

ಕಾರಣ ಬಚ್ಚಿಟ್ಟದ್ದೇನಲ್ಲ. ಹಳಿಗಳು ಹಳೆಯವು, ಗಾಡಿಗಳು ಹೆಚ್ಚು. ಈಗ ಒಂದೊಂದೇ ಮಾರ್ಗವನ್ನು ಪೂರ್ತಿ ಮುಚ್ಚಿ ರಿಪೇರಿ ಮಾಡುತ್ತಿದ್ದಾರೆ. ಮುಂಬೈಯ ಓದುಗರಿಗೆ ಭಾನುವಾರದ ಮೆಗಾ ಬ್ಲಾಕ್ ಗೊತ್ತು. ಜರ್ಮನಿಯವರದು ತಿಂಗಳುಗಟ್ಟಲೆಯ ಬ್ಲಾಕ್. ಫ್ರಾಂಕ್‌ಫರ್ಟ್–ಮ್ಯಾನ್‌ಹೈಮ್ ನಡುವಿನ ಮಾರ್ಗವನ್ನು 2024ರಲ್ಲಿ ಜುಲೈಯಿಂದ ಡಿಸೆಂಬರ್‌ವರೆಗೆ ಮುಚ್ಚಿದ್ದರು. ನನ್ನ ಪಟ್ಟಿಯಲ್ಲಿದ್ದ ಹ್ಯಾಂಬರ್ಗ್–ಬರ್ಲಿನ್ ಮಾರ್ಗವನ್ನು 2025ರ ಆಗಸ್ಟ್‌ನಲ್ಲಿ ಮುಚ್ಚಿ, ಗಾಡಿಗಳನ್ನು ಸುತ್ತು ದಾರಿಯಲ್ಲಿ ಓಡಿಸತೊಡಗಿದ್ದರು. ಇದನ್ನು ಹೇಳಿದಾಗ ಅಪ್ಪ ನನ್ನನ್ನು ಆಡಿಕೊಳ್ಳಲಿಲ್ಲ. "ಹಳಿ ಬಿಚ್ಚಿ ಹೊಸಾದು ಹಾಕಾಕತ್ತಾರಂದ್ರ ಒಳ್ಳೇದ," ಎಂದರು.

ಮಾತು ಅವರ ನೌಕರಿಯ ಕಡೆಗೆ ಹೊರಳಿತು. ರೈಲ್ವೆಯವರಿಗೆ ವರ್ಷಕ್ಕೆ ಮೂರು ಸೆಟ್ ಪಾಸು. ಇಡೀ ಸಂಸಾರಕ್ಕೆ ದೇಶದ ಯಾವ ಮೂಲೆಗಾದರೂ ಪುಕ್ಕಟೆ. ನಾವು ಹೋದದ್ದು ತಿರುಪತಿ, ಪಂಢರಪುರ, ಒಂದು ಸಲ ಹೈದರಾಬಾದ್. ಕಾಶಿಗೆ ಹೋಗುವ ಮಾತು ಪ್ರತಿ ವರ್ಷ ಬರುತ್ತಿತ್ತು. ಅಪ್ಪ ರಜೆ ಕೇಳುವಾಗ ಕ್ಯಾಸಲ್‌ರಾಕ್ ಘಾಟಿನ ಅದಿರು ಗಾಡಿಗಳಿಗೆ ಗಾರ್ಡ್ ಸಾಲುತ್ತಿರಲಿಲ್ಲ. ಡಿಸೆಂಬರ್ ಮುಗಿದರೆ ಪಾಸೂ ಮುಗಿಯುತ್ತಿತ್ತು.

"ಏನಿಲ್ಲಂದ್ರೂ ಅರವತ್ತ ಸೆಟ್ ಲ್ಯಾಪ್ಸ್ ಆಗಿರಬೇಕ ನೋಡು," ಎಂದರು. ದೂರಿನ ದನಿ ಇರಲಿಲ್ಲ, ಗಾಡಿಯಲ್ಲಿ ಎಷ್ಟು ಡಬ್ಬಿ ಎಂದು ಹೇಳುವಂತೆ ಹೇಳಿದರು.

ಅವರು ಮಲಗಿದ ಮೇಲೆ ನಾನು ಆಫೀಸಿನ ಪೋರ್ಟಲ್ ತೆರೆದು ನನ್ನ ರಜೆ ನೋಡಿದೆ. ಕಳೆದ ವರ್ಷ ಲ್ಯಾಪ್ಸ್ ಆದದ್ದು ಹದಿನಾಲ್ಕು ದಿನ. ಅದರ ಹಿಂದಿನ ವರ್ಷ ಹನ್ನೊಂದು. ಆಮೇಲೆ ಶೀಟಿಗೆ ಮರಳಿದರೆ ಮೇಲಿನ ಸಾಲಿನಲ್ಲಿ 'ಜನ: 3' ಎಂದಿತ್ತು. ಅಪ್ಪನನ್ನು ನಾವು ಮರೆತಿರಲಿಲ್ಲ. ವಯಸ್ಸು, ಮೊಣಕಾಲು, ಚಳಿ ಎಂದೆಲ್ಲ ನಮಗೆ ನಾವೇ ಹೇಳಿಕೊಂಡಿದ್ದೆವು. ನಿಜವಾದ ಕಾರಣ ಒಂದು ಖಾನೆಯಲ್ಲಿತ್ತು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಬೇಕೇ ಬೇಕು. ಎಪ್ಪತ್ತು ದಾಟಿದ ಅಪ್ಪನ ವಿಮೆಯ ಕಂತು ನಮ್ಮ ಮೂವರದ್ದನ್ನೂ ಸೇರಿಸಿದರೆ ಬರುವುದಕ್ಕಿಂತ ಹೆಚ್ಚಿತ್ತು. ಅದನ್ನು ನೋಡಿದ ಮೇಲೆಯೇ ನಾನು ಮೂರು ಎಂದು ಬರೆದದ್ದು.

ಮರುದಿನ ಶೀಟ್ ತೆರೆದಾಗ ಮೂರು ಇದ್ದಲ್ಲಿ ನಾಲ್ಕು ಇತ್ತು. ತಿದ್ದಿದ್ದು ಹೆಂಡತಿ. ಕೆಳಗೆ ಒಟ್ಟು ಮೊತ್ತ ಐದು ಲಕ್ಷ ದಾಟಿ ಕೆಂಪಾಗಿತ್ತು. ಅವಳು ಏನೂ ಹೇಳಲಿಲ್ಲ. ಐದರ ಮೇಲೆ ಒಂದು ರೂಪಾಯಿ ಇಲ್ಲ ಎಂಬುದನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಕಡಿಮೆ ಮಾಡಬೇಕಾದ್ದು ಊರುಗಳನ್ನೇ. ಏಳರಲ್ಲಿ ಮೂರು ಉಳಿದವು, ಆ ಮೂರೂ ಮೊದಲ ಪಟ್ಟಿಯಲ್ಲಿ ಇಲ್ಲದವು.

ಮೊದಲನೆಯದು ಮೈನ್ಜ್. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಕೆಳಗೇ ಹತ್ತಿದರೆ ಲೋಕಲ್ ಗಾಡಿಯಲ್ಲಿ ಸುಮಾರು ಅರ್ಧ ಗಂಟೆ. ಅಲ್ಲಿಂದ ಕೊಬ್ಲೆಂಜ್‌ವರೆಗೆ ರೈಲು ರೈನ್ ನದಿಯ ದಡ ಹಿಡಿದೇ ಹೋಗುತ್ತದೆ. ಬೆಟ್ಟದ ಮೇಲೆ ಕೋಟೆಗಳು, ಇಳಿಜಾರಿನಲ್ಲಿ ದ್ರಾಕ್ಷಿ ತೋಟ. ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಬೇಕು. ಆ ದಾರಿ ಸಾಮಾನ್ಯ ಪ್ಯಾಸೆಂಜರ್ ಗಾಡಿಯಲ್ಲೇ ಸಿಗುತ್ತದೆ.

ಎರಡನೆಯದು ಟ್ಯೂಬಿಂಗನ್, ಸ್ಟುಟ್‌ಗಾರ್ಟ್‌ನಿಂದ ಸುಮಾರು ಒಂದು ಗಂಟೆ. ಅಪ್ಪ ಓದಿದ್ದು ಧಾರವಾಡದ ಬಾಸೆಲ್ ಮಿಶನ್ ಶಾಲೆಯಲ್ಲಿ. ಅದೇ ಮಿಶನ್ನಿನಿಂದ 1853ರಲ್ಲಿ ಧಾರವಾಡಕ್ಕೆ ಬಂದ ಫರ್ಡಿನಂಡ್ ಕಿಟೆಲ್, ದಶಕಗಳ ಕಾಲ ದುಡಿದು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಮುಗಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ. ನಮ್ಮ ಶಬ್ದಗಳನ್ನು ಹೊತ್ತೊಯ್ದು ಜೋಡಿಸಿ ಕೊಟ್ಟವನ ಊರಿನಲ್ಲಿ ಮೂರು ದಿನ ನಡೆದಾಡಿ ಬರೋಣ ಎಂದರು ಅಪ್ಪ. ಬರುವ ಬಗ್ಗೆ ಅವರು ಹ್ಞೂ ಎಂದದ್ದು ಮಾತ್ರ ಮೂರನೆಯ ಊರಿನ ಹೆಸರು ಕೇಳಿದ ಮೇಲೆ.

ಅದು ನ್ಯೂರೆಂಬರ್ಗ್. 1835ರ ಡಿಸೆಂಬರ್ 7ರಂದು ಜರ್ಮನಿಯ ಮೊದಲ ಉಗಿ ರೈಲು ಓಡಿದ್ದು ಅಲ್ಲಿಂದ ಪಕ್ಕದ ಫ್ಯೂರ್ತ್‌ಗೆ. ಇಂಜಿನ್ನಿನ ಹೆಸರು ಆಡ್ಲರ್, ಅಂದರೆ ಹದ್ದು. ಇಂಜಿನ್ ಬಂದದ್ದು ಇಂಗ್ಲೆಂಡಿನ ಸ್ಟೀಫನ್‌ಸನ್ ಕಾರ್ಖಾನೆಯಿಂದ. ಓಡಿಸಲು ಬಂದ ಚಾಲಕನೂ ಇಂಗ್ಲೆಂಡಿನವನೇ. ಮರುವರ್ಷ ಅದೇ ಮಾರ್ಗದಲ್ಲಿ ಸಾಗಿದ ಮೊದಲ ಸರಕು ಎರಡು ಪೀಪಾಯಿ ಬಿಯರ್. ಊರಲ್ಲಿ ಈಗ ದೊಡ್ಡ ರೈಲ್ವೆ ಮ್ಯೂಸಿಯಂ ಇದೆ. "ನಮ್ಮ ಬೋರಿಬಂದರ್–ಠಾಣೆ ಗಾಡಿ 1853. ಹದಿನೆಂಟ ವರ್ಷ ಅಷ್ಟ ಫರಕು," ಎಂದು ಅಪ್ಪ ತಕ್ಷಣ ಲೆಕ್ಕ ಹಾಕಿದರು. ಮೊಣಕಾಲಿನ ಮಾತು ಆಮೇಲೆ ಬರಲಿಲ್ಲ.

ಇನ್ನು ಟಿಕೆಟ್. ಹೊರಡುವ ಯೋಚನೆ ಇರುವವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸು 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು; 2026ರ ಜನವರಿಯಿಂದ 63 ಯೂರೋ. ಪ್ಯಾಸೆಂಜರ್ ಗಾಡಿ, ಊರೊಳಗಿನ ಮೆಟ್ರೊ, ಟ್ರಾಮ್, ಬಸ್ಸು ಎಲ್ಲಕ್ಕೂ ನಡೆಯುತ್ತದೆ; ಐಸಿಇಯಂಥ ದೂರದ ಗಾಡಿಗೆ ನಡೆಯುವುದಿಲ್ಲ. ಆರು ವರ್ಷ ತುಂಬಿದ ಮಕ್ಕಳಿಗೆ ಬೇರೆ ಟಿಕೆಟ್ ಬೇಕು. ಮುಖ್ಯವಾದ ಮಾತು, ಅದು ಕ್ಯಾಲೆಂಡರ್ ತಿಂಗಳಿಗೆ ಸೇರಿದ್ದು. ಮೇ 28ಕ್ಕೆ ಹೊರಟು ಜೂನ್ 7ಕ್ಕೆ ಮರಳಿದರೆ ಎರಡು ತಿಂಗಳ ಹಣ. ಹಾಗಾಗಿ ನಮ್ಮ ಪ್ರವಾಸ ಮೇ 9ರಿಂದ 19. ಇನ್ನೊಂದು, ಅದು ತಾನಾಗಿ ಮುಂದುವರಿಯುವ ಚಂದಾ. ಆ ತಿಂಗಳ ಹತ್ತನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ನಾಲ್ಕು ಜನರಿಗೆ 252 ಯೂರೋ. ಕೊನೆಯ ದಿನದ ಐಸಿಇ ಸೇರಿಸಿದರೂ ಹಳೆಯ ಪ್ಲಾನಿನಲ್ಲಿ ಮೂರು ಜನರ ಓಡಾಟಕ್ಕೆ ಬರೆದಿದ್ದ ಎಂಬತ್ತು ಸಾವಿರದ ಅರ್ಧ.

ಕೊನೆಯ ದಿನ ಅಪ್ಪನಿಗೆ ಐಸಿಇ ತೋರಿಸಬೇಕು: ನ್ಯೂರೆಂಬರ್ಗ್‌ನಿಂದ ಫ್ರಾಂಕ್‌ಫರ್ಟ್. ಮೊದಲೇ ಕೊಂಡರೆ ಸೋವಿ ಟಿಕೆಟ್ ಸಿಗುತ್ತದೆ, ಜೊತೆಗೆ ಹೋಗುವ ಹದಿನಾಲ್ಕರೊಳಗಿನ ಮಗುವಿನ ಹೆಸರು ಅದರಲ್ಲಿ ಸೇರಿಸಿದರೆ ಹಣವಿಲ್ಲ. ಆದರೆ ಟಿಕೆಟ್ ಆ ಗಾಡಿಗೆ ಮಾತ್ರ. ತಲುಪುವುದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಡ ಎಂದು ಕಂಡರೆ ಮಾತ್ರ ಬೇರೆ ಗಾಡಿ ಹತ್ತಬಹುದು. ಒಂದು ಗಂಟೆ ತಡವಾದರೆ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ಹಣ ವಾಪಸ್. "ವಿಮಾನ ತಪ್ಪಿದ ಮ್ಯಾಲ ಕಾಲು ಭಾಗ ತಗೊಂಡು ಏನ್ ಮಾಡ್ತಿ? ಎರಡ ಗಾಡಿ ಮುಂಚೆ ಹೊಂಡು," ಎಂದರು ಅಪ್ಪ. ಹಾಗೇ ಮಾಡಿದೆ.

ಮೂರೂ ಕಡೆ ಅಡುಗೆಮನೆ ಇರುವ ಮನೆ ಹಿಡಿದಿದ್ದೇವೆ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಮೇ 14ರ ಗುರುವಾರವೂ ಏಸುವಿನ ಸ್ವರ್ಗಾರೋಹಣದ ರಜೆ. ಹಿಂದಿನ ದಿನವೇ ಹಾಲು, ಮೊಸರು ತಂದಿಡಬೇಕೆಂದು ಹೆಂಡತಿ ಗುರುತು ಹಾಕಿಕೊಂಡಿದ್ದಾಳೆ. ಶೇಂಗಾ ಚಟ್ನಿ, ಗೋಧಿ ಹಿಟ್ಟು ಇಲ್ಲಿಂದಲೇ. ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, ಮಗಳಿಗೆ 45. ನಾಲ್ಕು ಜನರ ವಿಮಾನ, ಅಪ್ಪನ ವಿಮೆ ಎಲ್ಲ ಸೇರಿ 4 ಲಕ್ಷ 93 ಸಾವಿರ. ಬಿಟ್ಟ ನಾಲ್ಕು ಊರುಗಳೇ ಅಪ್ಪನ ಟಿಕೆಟ್ ಆದವು.

ಮೈನ್ಜ್‌ನಿಂದ ಟ್ಯೂಬಿಂಗನ್‌ಗೆ ಹೋಗುವಾಗ ಮತ್ತೆ ಮ್ಯಾನ್‌ಹೈಮ್‌ನಲ್ಲೇ ಗಾಡಿ ಬದಲಿಸಬೇಕು. ಅಪ್ಪ ತಮ್ಮ ಹಳೆಯ ಡೈರಿಯಲ್ಲಿ ಗಾಡಿಗಳನ್ನು ತಾವೇ ಬರೆದುಕೊಂಡಿದ್ದಾರೆ. ಮ್ಯಾನ್‌ಹೈಮ್ ಎದುರಿಗೆ ನಲವತ್ತು ನಿಮಿಷ ಎಂದಿದೆ.

ಕಳೆದ ವಾರ ವೀಸಾ ಬಂತು. ಆ ರಾತ್ರಿಯೇ ಐಸಿಇ ಟಿಕೆಟ್ ಕೊಂಡೆ. ಎಲ್ಲಕ್ಕಿಂತ ಅಗ್ಗದ್ದು, ರದ್ದು ಮಾಡಿದರೆ ಪೈಸೆಯೂ ಮರಳದ್ದು. ಸೋಮವಾರ ಮ್ಯಾನೇಜರ್ ಕರೆದು, ಮೇ ಮೂರನೇ ವಾರ ರಿಲೀಸ್ ಬರುವ ಹಾಗಿದೆ, ರಜೆ ಸ್ವಲ್ಪ ಹಿಂದೆ ಮುಂದೆ ಮಾಡಲಾದೀತೇ ಎಂದು ಕೇಳಿದರು. ಹದಿನೈದು ವರ್ಷದಲ್ಲಿ ಈ ಪ್ರಶ್ನೆಗೆ ನಾನು ಇಲ್ಲ ಎಂದದ್ದೇ ಇಲ್ಲ. ಕಳೆದ ವರ್ಷ ಖಾಲಿಯಾದ ಆ ಎರಡು ಕುರ್ಚಿಗಳು ಕಣ್ಣ ಮುಂದೆ ಬಂದದ್ದೂ ನಿಜ.

"ಸಾಧ್ಯವಿಲ್ಲ. ಟಿಕೆಟ್ ವಾಪಸ್ ತಗೊಳ್ಳೋದಿಲ್ಲ," ಎಂದೆ.

ಮನೆಗೆ ಬಂದು ಅಪ್ಪನಿಗೆ ಇದನ್ನು ಹೇಳಿದೆ. ಡೈರಿಯಿಂದ ಕಣ್ಣು ತೆಗೆಯದೆ, "ನಮ್ಮ ಪಾಸಿಗೆ ಈ ರೂಲ್ ಇರಬೇಕಿತ್ತ ನೋಡು," ಎಂದರು.