ಆಸರೆಯ ಅಳತೆ

ಪಾರ್ಶ್ವವಾಯು ಬಡಿದವರನ್ನು ಕುಳಿತಲ್ಲಿಂದ ಎಬ್ಬಿಸಿ ನಿಲ್ಲಿಸುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥ ಫಿಸಿಯೋಥೆರಪಿಸ್ಟನಿಗೆ ಲೋಕದ ಜನ ಮುಖಕ್ಕಿಂತ ಮೊದಲು ನಡಿಗೆಯಿಂದ ಪರಿಚಿತರಾಗುತ್ತಾರೆ. ಎದುರಿಗೆ ಬರುವವರ ಹೆಜ್ಜೆಯ ಉದ್ದ, ತೋಳಿನ ಬೀಸು, ಹಿಮ್ಮಡಿ ನೆಲವನ್ನು ಮುಟ್ಟುವ ರೀತಿ ಇವುಗಳ ಪರಾಮರ್ಶೆಯಲ್ಲಿ ತೊಡಗಿದವನಿಗೆ ಅವರ ನಮಸ್ಕಾರ ಕಾಣದೆ ಹೋದರೆ ಆಶ್ಚರ್ಯವೇನು? ಗರ್ವಿಷ್ಠನೆಂಬ ಬಿರುದು ನನಗೆ ಬಂದದ್ದು ಹೀಗೆ.

ಕುರ್ಚಿಯಿಂದ ಏಳುವುದು ಆರೋಗ್ಯವಂತರ ಗಮನಕ್ಕೇ ಬಾರದ ಕ್ರಿಯೆ. ಆದರೆ ಅದರಲ್ಲಿ ಎಷ್ಟು ಸೂಕ್ಷ್ಮಗಳುಂಟು! ಪಾದಗಳು ಮೊದಲು ಹಿಂದಕ್ಕೆ ಸರಿಯಬೇಕು. ಮುಂಡ ಮುಂದಕ್ಕೆ ಬಾಗಿ, ಮೂಗು ಮಂಡಿಯನ್ನು ದಾಟಿ, ದೇಹದ ಭಾರವೆಲ್ಲ ಅಂಗಾಲಿಗೆ ಇಳಿದ ಮೇಲೆಯೇ ಮೇಲಕ್ಕೇಳುವುದು. ಇದನ್ನರಿಯದ ರೋಗಿ ಬೀಳುವ ಭಯದಿಂದ ಬೆನ್ನನ್ನು ಹಿಂದಕ್ಕೆ ಒತ್ತಿ, ಮತ್ತೆ ಕುರ್ಚಿಗೇ ಕುಸಿಯುತ್ತಾನೆ. ಆಗ ಅವನ ಸ್ವಾಧೀನ ತಪ್ಪಿದ ಕಾಲಿನ ಮಂಡಿಯ ಮೇಲುಗಡೆ ಒಂದು ಅಂಗೈಯನ್ನೂ ಸೊಂಟದ ಹಿಂದೆ ಇನ್ನೊಂದನ್ನೂ ಇಟ್ಟು ಕಾಯುತ್ತೇನೆ. ಬಹುದಿನಗಳಿಂದ ಭಾರವನ್ನೇ ಹೊರದಿದ್ದ ತೊಡೆಯ ಸ್ನಾಯು ಅಳುಕುತ್ತ ಅಳುಕುತ್ತ ಬಿಗಿಯುವ ಕ್ಷಣವೊಂದುಂಟು. ಅದನ್ನು ಗುರುತಿಸಿ, ಅದು ಹೊತ್ತಷ್ಟನ್ನು ಮಾತ್ರ ನನ್ನ ಆಸರೆಯಿಂದ ಕಳೆಯಬೇಕು. ಕಳೆಯದಿದ್ದರೆ ಎದ್ದವನು ನಾನಾಗುತ್ತೇನೆ, ಅವನ ಮಿದುಳು ಏನನ್ನೂ ಕಲಿತಿರದು. ಅವಸರಪಟ್ಟರೆ ಅವನು ಬೀಳುತ್ತಾನೆ. ನನ್ನ ಕಸುಬಿನ ರುಚಿಯೆಲ್ಲ ಇರುವುದು ಈ ಎರಡರ ನಡುವಣ ಕೂದಲೆಳೆಯ ಅಂತರದಲ್ಲಿ.

ಬರ್ಲಿನ್ನಿನಲ್ಲಿ ಹುಟ್ಟಿ, ನಾಟ್ಸಿಗಳ ಕಾಲದಲ್ಲಿ ಲಂಡನ್ನಿಗೆ ಬಂದು ನೆಲಸಿದ ಬರ್ತಾ ಬೊಬಾತ್ ಎಂಬ ವ್ಯಾಯಾಮ ಶಿಕ್ಷಕಿ, 1940ರ ದಶಕದಲ್ಲಿ, ಸೈಮನ್ ಎಲ್ವೆಸ್ ಎಂಬ ಚಿತ್ರಕಾರನ ಸೆಟೆದ ಅಂಗಗಳು ತನ್ನ ಹಿಡಿತದಲ್ಲಿ ಸಡಿಲುವುದನ್ನು ಕಂಡು, ಅದರ ಮೇಲೆ ಒಂದು ಚಿಕಿತ್ಸಾಪದ್ಧತಿಯನ್ನೇ ಕಟ್ಟಿದಳು. ಆ ಸಿದ್ಧಾಂತದ ಅನೇಕ ಭಾಗಗಳನ್ನು ಇಂದಿನ ವಿದ್ವಾಂಸರು ಒಪ್ಪರು. ಲೋಟ ಎತ್ತಬೇಕಾದವನು ಲೋಟವನ್ನೇ ನೂರಾರು ಬಾರಿ ಎತ್ತಲಿ ಎನ್ನುತ್ತಾರೆ. ಅವರ ಮಾತು ನಿಜವೇ. ಬಲಗೈ ಸೋತ ಮಂಡ್ಯದ ಕಡೆಯ ರೈತನಿಗೆ ಮರದ ಬಿಲ್ಲೆ ಜೋಡಿಸುವಾಗ ಇಲ್ಲದ ಉತ್ಸಾಹ ಮುದ್ದೆ ಮುರಿಯುವಾಗ ಬರುತ್ತದೆ. ಆದರೂ ಕೈಗೂ ಕಿವಿಯುಂಟೆಂದು ಕಲಿಸಿದ ಆಕೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ವ್ಯಾಧಿಯ ಸ್ವಭಾವವೇ ಬೇರೆ. ಅಲ್ಲಿ ಕಾಲಿಗೆ ಬಲವಿದ್ದರೂ ಹೆಜ್ಜೆ ಹೊರಡದು. ಬಾಗಿಲ ಬಳಿ ಪಾದಗಳು ನೆಲಕ್ಕೆ ಅಂಟಿಕೊಳ್ಳುತ್ತವೆ. ನೆಲದ ಮೇಲೆ ಅಡ್ಡಗೆರೆಗಳನ್ನು ಎಳೆದಾಗ, ಇಲ್ಲವೆ ಲಯಬದ್ಧವಾದ ಸದ್ದು ಕಿವಿಗೆ ಬಿದ್ದಾಗ, ಹಲವರಲ್ಲಿ ಅದೇ ಪಾದ ತಾನಾಗಿ ಹೊರಡುವುದುಂಟು. ಹೀಗೆ ಹೊಸ್ತಿಲಲ್ಲಿ ನಿಂತುಬಿಟ್ಟ ವೃದ್ಧ ಹರಿಕಥಾ ದಾಸರೊಬ್ಬರಿಗೆ ನಾನು “ಒಂದು, ಎರಡು” ಎಂದು ಹೇಳುತ್ತಿದ್ದಾಗ ಅವರು, “ಸ್ವಾಮಿ, ಸೌದೆ ಎಣಿಸಬೇಡಿ, ತಾಳ ಹಾಕಿ” ಎಂದು ಗದರಿ, ತೊಡೆಯ ಮೇಲೆ ತಾವೇ ಆದಿತಾಳ ಹಾಕುತ್ತ ಜಗುಲಿಗೆ ನಡೆದೇ ಬಿಟ್ಟರು. ಅಂದಿನಿಂದ ನಾನು ಅವರಲ್ಲಿ ತಾಳದ ವಿದ್ಯಾರ್ಥಿ. ವಿಳಂಬದಲ್ಲಿ ಓಡುತ್ತೇನೆಂಬುದು ನನ್ನ ಮೇಲೆ ಅವರ ಆಕ್ಷೇಪಣೆ.