ಬಾಲವೋ, ಬೆನ್ನೋ, ಹೊಟ್ಟೆಯೋ

ಮನೆಯಲ್ಲೇ ವಿಮಾನ ಕಟ್ಟುವ ಪುಣ್ಯಾತ್ಮರು ಅಮೆರಿಕದಲ್ಲಿ ಸಾವಿರಗಟ್ಟಲೆ ಇದ್ದಾರೆ. ಗ್ಯಾರೇಜಿನಲ್ಲಿ ರೆಕ್ಕೆ ಹಾಯಾಗಿ ಮಲಗಿರುತ್ತದೆ, ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿರುತ್ತದೆ. ಅರ್ಧಕ್ಕಿಂತ ಹೆಚ್ಚು ಕೆಲಸ ಸ್ವಂತ ಕೈಯದ್ದೇ ಎಂದು ತೋರಿಸಿ ತಪಾಸಣೆಯಲ್ಲಿ ಪಾಸಾದರೆ ಸರ್ಕಾರ ಅದಕ್ಕೆ ‘ಎಕ್ಸ್‌ಪೆರಿಮೆಂಟಲ್’ ಎಂಬ ಹಣೆಪಟ್ಟಿ ಕೊಟ್ಟು ಹಾರಲು ಬಿಡುತ್ತದೆ. ಎಂಜಿನ್ ಯಾವುದು, ಬಣ್ಣ ಯಾವುದು ಎಂದು ಈ ಜನ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಆಂಟೆನಾ ಎಲ್ಲಿಡುವುದು ಎಂಬುದು ಮಾತ್ರ ಕೊನೇ ಗಳಿಗೆಯಲ್ಲಿ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಬಣ್ಣ ಒಣಗಿ ಫಳಫಳ ಹೊಳೆಯುತ್ತಿರುತ್ತದೆ. ಅದಕ್ಕೆ ಡ್ರಿಲ್ ಇಡಲು ಯಾರಿಗೆ ಮನಸ್ಸು ಬಂದೀತು?

ಒಂದು ಆಂಟೆನಾ ಆಗಿದ್ದರೆ ಹೇಗೋ ಹೊಂದಿಸಬಹುದಿತ್ತು. ಮಾತಾಡುವ ರೇಡಿಯೊ ಎರಡಿದ್ದರೆ ಅವಕ್ಕೆ ಎರಡು, ದಾರಿ ತೋರಿಸುವ ವಿಒಆರ್‌ಗೆ ಒಂದು, ರಾಡಾರಿಗೆ ಉತ್ತರ ಕೊಡುವ ಟ್ರಾನ್ಸ್‌ಪಾಂಡರಿಗೆ ಒಂದು, ಜಿಪಿಎಸ್‌ಗೆ ಒಂದು, ಬಿದ್ದರೆ ಕೂಗಿಕೊಳ್ಳಲು ಇಎಲ್‌ಟಿ ಎಂಬ ತುರ್ತು ಟ್ರಾನ್ಸ್‌ಮಿಟರಿಗೆ ಇನ್ನೊಂದು. ಇಬ್ಬರು ಕೂರುವ ಪುಟ್ಟ ವಿಮಾನದಲ್ಲಿ ಅರ್ಧ ಡಜನ್! ಎಲ್ಲಕ್ಕೂ ತಮ್ಮದೇ ಜಾಗ ಬೇಕು, ಒಂದಕ್ಕೊಂದು ಹತ್ತಿರ ಬಂದರೆ ಆಗುವುದಿಲ್ಲ.

ವಿಮಾನದ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಆ ಅಲೆಯ ಕಾಲುಭಾಗ ಸುಮಾರು 59 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಎರಡಡಿ. ಆಂಟೆನಾ ಕಡ್ಡಿಯ ಉದ್ದ ಅಷ್ಟೇ. ಆದರೆ ಕಡ್ಡಿ ಒಂದೇ ಏನೂ ಮಾಡದು. ಅದರ ಬುಡದಲ್ಲಿ ಲೋಹದ ಹಾಸು ಬೇಕು, ಆಂಟೆನಾದ ಇನ್ನೊಂದು ಅರ್ಧ ಅದೇ. ಆರ್‌ವಿ ಮಾದರಿಯ ಅಲ್ಯೂಮಿನಿಯಂ ವಿಮಾನ ಕಟ್ಟುವವರು ಇಲ್ಲಿ ಅದೃಷ್ಟವಂತರು, ವಿಮಾನದ ಚರ್ಮವೇ ಹಾಸು. ಹಾಗೆಂದು ಸುಮ್ಮನೆ ಬೋಲ್ಟ್ ಬಿಗಿದರೆ ಮುಗಿಯಲಿಲ್ಲ. ಒಳಗಿನಿಂದ ಇನ್ನೊಂದು ತಗಡು ಕೊಟ್ಟು ಬಲಪಡಿಸಬೇಕು, ಇಲ್ಲದಿದ್ದರೆ ಗಾಳಿಗೆ ಕಡ್ಡಿ ಅದುರಿ ಅದುರಿ ಬುಡದ ತಗಡು ಬಿರುಕು ಬಿಡುತ್ತದೆ. ಲೋಹಕ್ಕೆ ಲೋಹ ತಾಗಬೇಕಾದ್ದರಿಂದ ಬುಡದ ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯಬೇಕು. ಅಂಚಿಗೆ ಸೀಲೆಂಟ್ ಬಳಿಯಬೇಕು, ಮರೆತರೆ ನೀರು ನುಗ್ಗಿ ಸವೆತ ಶುರು. ಸಾವಿರಾರು ಡಾಲರ್ ಸುರಿದು ಹೊಡೆಸಿದ ಬಣ್ಣವನ್ನು ಉಜ್ಜುವಾಗಿನ ಯಜಮಾನರ ಮುಖ ನೋಡುವಂತಿರುತ್ತದೆ.

ಬಟ್ಟೆ ಹೊದಿಸಿದ ವಿಮಾನವಾದರೆ ಲೋಹದ ಚರ್ಮವಿಲ್ಲ. ಬಟ್ಟೆಯ ಒಳಗೆ ಅಲ್ಯೂಮಿನಿಯಂ ಪಟ್ಟಿಗಳನ್ನು ಆಂಟೆನಾ ಬುಡದಿಂದ ಸುತ್ತಲೂ ಹರಡಬೇಕು. ಫೈಬರ್‌ಗ್ಲಾಸಿನ ವಿಮಾನದ ಕಥೆ ಇನ್ನೂ ಸ್ವಾರಸ್ಯ. ಗಾಜಿನ ನಾರು ರೇಡಿಯೊ ಅಲೆಗಳನ್ನು ತಡೆಯುವುದಿಲ್ಲ, ಹಾಗಾಗಿ ಆಂಟೆನಾ ಒಳಗೇ ಹುದುಗಬಹುದು. ಬರ್ಟ್ ರೂಟಾನ್ 1970ರ ದಶಕದಲ್ಲಿ ರೂಪಿಸಿದ ವೇರಿಈಜ಼ಿ, ಲಾಂಗ್‌ಈಜ಼ಿ ವಿಮಾನಗಳಿಗೆ ಎಲೆಕ್ಟ್ರಾನಿಕ್ಸ್ ಪಂಡಿತ ಜಿಮ್ ವಿಯರ್ ಕೊಟ್ಟ ಉಪಾಯ ಇದು: ಅಗಲ ತಾಮ್ರದ ಟೇಪನ್ನು ಅಂಟಿಸಿ, ಕೇಬಲ್ಲಿಗೆ ಮೂರು ಫೆರೈಟ್ ಬಳೆ ತೊಡಿಸಿ, ಮೇಲೆ ಗಾಜಿನ ಬಟ್ಟೆ ಮುಚ್ಚುವುದು. ಹೊರಗೆ ಏನೂ ಕಾಣದು, ಗಾಳಿಗೆ ಅಡ್ಡಿಯಿಲ್ಲ. ಖರ್ಚೂ ಏನಿಲ್ಲ. ನಮ್ಮ ಬೆಂಗಳೂರಿನ ಎನ್‌ಎಎಲ್‌ನ ‘ಹನ್ಸ’ ಕೂಡ ಇಂಥ ಗಾಜಿನ ನಾರಿನ ಮೈಯದ್ದೇ. ಆದರೆ ಟೇಪು ಅಂಟಿಸುವ ಮೊದಲು ನಿಮ್ಮ ವಿಮಾನದ ನಾರು ಗಾಜೋ ಕಾರ್ಬನ್ನೋ ನೋಡಿಕೊಳ್ಳಿ. ಕಾರ್ಬನ್ ನಾರಿನಲ್ಲಿ ವಿದ್ಯುತ್ ಹರಿಯುತ್ತದೆ. ಅದರೊಳಗೆ ಆಂಟೆನಾ ಬಚ್ಚಿಟ್ಟರೆ ಮಾತು ಅಲ್ಲೇ ಉಳಿಯುತ್ತದೆ.

ನಿಲ್ಲಿಸುವುದೋ ಮಲಗಿಸುವುದೋ ಎಂಬ ಪ್ರಶ್ನೆಯೂ ಇದೆ. ದೂರದರ್ಶನದ ಕಾಲದಲ್ಲಿ ತಾರಸಿಯ ಮೇಲಿದ್ದ ಮೀನಿನ ಮುಳ್ಳಿನಂಥ ಆಂಟೆನಾ ನೆನಪಿದೆಯಲ್ಲ? “ಬಂತೇನೋ?” ಎಂದು ಮೇಲಿನಿಂದ ಅಣ್ಣ, “ಹೋಯ್ತು, ಹೋಯ್ತು!” ಎಂದು ಕೆಳಗಿನಿಂದ ತಂಗಿ. ಅದರ ಕಡ್ಡಿಗಳೆಲ್ಲ ಅಡ್ಡಡ್ಡ ಮಲಗಿದ್ದವು, ಏಕೆಂದರೆ ಟಿವಿಯ ಅಲೆಯೂ ಮಲಗಿಯೇ ಬರುತ್ತಿತ್ತು. ವಿಒಆರ್ ಅಲೆಯೂ ಹಾಗೆಯೇ. ಅದಕ್ಕೇ ಬಾಲದ ತುದಿಯಲ್ಲಿ ಬೆಕ್ಕಿನ ಮೀಸೆಯಂತೆ ಎರಡು ಕಡ್ಡಿ ಅಡ್ಡಲಾಗಿ ಚಾಚಿರುತ್ತವೆ. ಮಾತಿನ ಅಲೆ ಮಾತ್ರ ನಿಂತೇ ಬರುತ್ತದೆ, ಅದರ ಕಡ್ಡಿಯೂ ನಿಂತಿರಬೇಕು. ಆರ್‌ವಿಯ ರೆಕ್ಕೆತುದಿ ಫೈಬರ್‌ಗ್ಲಾಸಿನದು, ಅದರೊಳಗೆ ಬಾಬ್ ಆರ್ಚರ್ ಮಾದರಿಯ ಆಂಟೆನಾ ಅಡಗಿಸುವವರು ಬಹಳ. ವಿಒಆರ್‌ಗೆ ಅದು ಸೊಗಸು. ಮಾತಿಗೆ ಅಷ್ಟಕ್ಕಷ್ಟೇ, ಅಷ್ಟು ತೆಳ್ಳಗಿನ ರೆಕ್ಕೆಯಲ್ಲಿ ಎರಡಡಿ ಎದ್ದು ನಿಲ್ಲಲು ಜಾಗವೆಲ್ಲಿದೆ? ಕಂಡರೂ ಪರವಾಗಿಲ್ಲ, ಮಾತಿನ ಆಂಟೆನಾ ಹೊರಗೇ ಇರಲಿ ಎನ್ನುವ ಪಕ್ಷದವನು ನಾನು.

ಹೊಟ್ಟೆಯ ಕೆಳಗಿನ ಆಂಟೆನಾ ಆಕಾಶದಲ್ಲಿ ರಾಜ, ನೆಲದ ಮೇಲೆ ಬಡಪಾಯಿ. ಹಾರುವಾಗ ಕೆಳಗಿನ ಕಂಟ್ರೋಲ್ ಟವರಿಗೂ ಅದಕ್ಕೂ ನಡುವೆ ಏನೂ ಅಡ್ಡವಿಲ್ಲ. ಇಳಿದ ಮೇಲೆ ಅದು ಡಾಂಬರಿನ ಪಕ್ಕ, ಚಕ್ರದ ಕಾಲುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಮೇಲಾಗಿ ಎಂಜಿನ್ನಿನ ಎಣ್ಣೆಯೆಲ್ಲ ಅದರ ಮೈಗೇ. ಬೆನ್ನಿನ ಆಂಟೆನಾದ್ದು ತದ್ವಿರುದ್ಧ. ಎರಡು ರೇಡಿಯೊ ಇರುವವರು ಒಂದನ್ನು ಮೇಲೆ, ಒಂದನ್ನು ಕೆಳಗೆ ಹಾಕಿ ನೆಮ್ಮದಿಯಾಗಿರುತ್ತಾರೆ. ಟ್ರಾನ್ಸ್‌ಪಾಂಡರಿನದು 7 ಸೆಂಟಿಮೀಟರಿನ ಮೊಳೆ. ರಾಡಾರ್ ಕೆಳಗಿರುವುದರಿಂದ ಅದರ ಜಾಗ ಹೊಟ್ಟೆಯೇ, ಆದರೆ ಪೈಲಟ್ ಸೀಟಿನ ಅಡಿಯಲ್ಲಲ್ಲ. ಜಿಪಿಎಸ್ ಆಕಾಶ ನೋಡಬೇಕು, ಬೆನ್ನೇ ಅದಕ್ಕೆ ಒಳ್ಳೆಯ ಜಾಗ. ಅಲ್ಲಿ ಮಾತಿನ ಆಂಟೆನಾದ ಪಕ್ಕ ಕೂತರೆ ಗ್ರಹಚಾರ. 121.150 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದಾಗ ಅದರ 13ನೇ ಹಾರ್ಮೋನಿಕ್ ಜಿಪಿಎಸ್‌ನ 1575.42ರ ಮಗ್ಗುಲಿಗೇ ಬಂದು ಬೀಳುತ್ತದೆ. ಹದಿಮೂರರ ಮಗ್ಗಿ ಬರುವವರು ಗುಣಿಸಿ ನೋಡಬಹುದು. ಪೈಲಟ್ ಬಾಯಿ ತೆರೆದರೆ ನಕ್ಷೆ ಮಾಯ!

ವಿಸ್ಕಾನ್ಸಿನ್‌ನ ಆಶ್‌ಕಾಶ್‌ನಲ್ಲಿ ಪ್ರತಿ ಜುಲೈನಲ್ಲಿ ಈ ವಿಮಾನ ಕಟ್ಟುವವರದೊಂದು ದೊಡ್ಡ ಜಾತ್ರೆ. ವಿಮಾನಗಳ ಹೊಟ್ಟೆ ಕೆಳಗೆ ಬಗ್ಗಿ ಬಗ್ಗಿ ಇಣುಕುವವರನ್ನು ನೋಡಬೇಕಾದರೆ ಅಲ್ಲಿಗೆ ಹೋಗಬೇಕು. ತಮಾಷೆಯೆಂದರೆ, ಫಿಸ್ಕ್ ಎಂಬ ಹಳ್ಳಿಯ ಮೇಲಿಂದ ಆ ಜಾತ್ರೆಗೆ ಇಳಿಯಲು ಬರುವವರು ರೇಡಿಯೊದಲ್ಲಿ ಉತ್ತರ ಕೊಡುವಂತಿಲ್ಲ. ಅಷ್ಟೊಂದು ವಿಮಾನ, ಎಲ್ಲರೂ ಮಾತಾಡಿದರೆ ಸಂತೆ. ಕೇಳಿಸಿತು ಎನ್ನಲು ರೆಕ್ಕೆ ಅಲ್ಲಾಡಿಸಬೇಕು.

ಇಎಲ್‌ಟಿ ವಿಷಯದಲ್ಲಿ ಮಾತ್ರ ತಮಾಷೆ ಬೇಡ. 2010ರ ಆಗಸ್ಟ್ 9ರಂದು ಅಲಾಸ್ಕಾದಲ್ಲಿ ಮಾಜಿ ಸೆನೆಟರ್ ಟೆಡ್ ಸ್ಟೀವನ್ಸ್ ಇದ್ದ ಆಟರ್ ವಿಮಾನ ಬೆಟ್ಟಕ್ಕೆ ಬಡಿಯಿತು. ಅದು ಮನೆಯಲ್ಲಿ ಕಟ್ಟಿದ ವಿಮಾನವಲ್ಲ, ಆದರೂ ಕಥೆ ಎಲ್ಲರಿಗೂ ಅನ್ವಯ. ಒಂಬತ್ತು ಜನರಲ್ಲಿ ಸ್ಟೀವನ್ಸ್ ಸೇರಿ ಐವರು ತೀರಿಕೊಂಡರು. ಬಡಿದ ಏಟಿಗೆ ಇಎಲ್‌ಟಿ ಕೂರಿಸಿದ್ದ ಜಾಗದಿಂದ ಕಿತ್ತು ಬಂದು ಆಂಟೆನಾದ ಸಂಪರ್ಕ ತಪ್ಪಿತ್ತು, ಅದರ ಕೂಗು ಹೊರಗೆ ಯಾರಿಗೂ ಕೇಳಲಿಲ್ಲ. ಬದುಕುಳಿದ ನಾಲ್ವರು ರಾತ್ರಿಯಿಡೀ ಆ ಬೆಟ್ಟದಲ್ಲೇ ಕಳೆಯಬೇಕಾಯಿತು. ಆದ್ದರಿಂದ ಮಿಕ್ಕ ಆಂಟೆನಾಗಳ ವಿಷಯದಲ್ಲಿ ಚೆಂದಕ್ಕೋ ವೇಗಕ್ಕೋ ಸ್ವಲ್ಪ ರಾಜಿ ಮಾಡಿಕೊಳ್ಳಿ. ಇದನ್ನು ಮಾತ್ರ ಬಾಲದ ಹತ್ತಿರ ಬೆನ್ನ ಮೇಲೆ ನಿಲ್ಲಿಸಿ, ಪೆಟ್ಟಿಗೆಯನ್ನು ಅದರ ಬುಡದಲ್ಲೇ ಭದ್ರವಾಗಿ ಬಿಗಿಯಿರಿ, ಕೇಬಲ್ ಗಿಡ್ಡಗಿರಲಿ.