ಅಪ್ಪನ ಕಂಪ್ಯೂಟರ್ ಮಾತು ಬಿಟ್ಟಿದ್ದು

"ಕಂಪ್ಯೂಟರ್ ಹಾಕಿದ್ರೆ ಸೌಂಡೇ ಬರ್ತಾ ಇಲ್ಲ ಮಾರಾಯ.."

ಅಪ್ಪ ಫೋನ್ ಮಾಡಿ ಹೀಗಂದಾಗ ನಾನು ಬೆಂಗಳೂರಲ್ಲಿ ಆಫೀಸಿನ ಮೀಟಿಂಗ್ ಒಂದನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬಂದು ನಿಂತಿದ್ದೆ. 2022ರ ಮಳೆಗಾಲದ ಮಾತು. ಊರಲ್ಲಿ, ಅಂದರೆ ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ, ಮಳೆಗಾಲದಲ್ಲಿ ಫೋನ್ ಸಿಗುವುದೇ ಹೆಚ್ಚು. ಏನೋ ಅರ್ಜೆಂಟ್ ಅಂದುಕೊಂಡು ಓಡಿ ಬಂದಿದ್ದವನಿಗೆ ಇದನ್ನು ಕೇಳಿ ಸ್ವಲ್ಪ ಸಿಟ್ಟೇ ಬಂತು.

"ಸ್ಪೀಕರ್ ಆನ್ ಇದ್ಯಾ ನೋಡು ಅಪ್ಪಾ."

"ಇದೆ. ಹಾಡು ಹಾಕಿದ್ರೆ ಬರ್ತದೆ. ಆನ್ ಮಾಡಿದಾಗ ಬರ್ತಿತ್ತಲ್ಲ, ಅದು ಬರ್ತಾ ಇಲ್ಲ."

"ಅಯ್ಯೋ, ಅದೊಂದು ಸೌಂಡ್ ತಾನೇ? ಬರದಿದ್ರೆ ಏನಾಯ್ತು? ಕೆಲಸ ಆಗ್ತದಲ್ಲ."

ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಹೌದು ಬಿಡು" ಅಂದ. ಫೋನ್ ಇಟ್ಟ. ನಾನೂ ಮರೆತೆ.

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದವನು. ರಿಟೈರ್ ಆದಮೇಲೆ ಹಿಡಿದ ಕೆಲಸ ಅಂದರೆ ನಮ್ಮೂರಿನ ಗದ್ದೆ, ತೋಟ, ಬೇಣ, ಹಳ್ಳಗಳ ಹೆಸರುಗಳನ್ನೆಲ್ಲ ಬರೆದಿಡುವುದು. ಯಾವ ಗದ್ದೆಗೆ ಯಾಕೆ ಆ ಹೆಸರು ಬಂತು, ಅದನ್ನು ಯಾರು ಹೇಳಿದರು, ಅವರಿಗೆ ಯಾರು ಹೇಳಿದ್ದರು.. ಹೀಗೆ. ಬರಹದಲ್ಲಿ ಟೈಪ್ ಮಾಡುವುದನ್ನು ಹಟ ಹಿಡಿದು ಕಲಿತಿದ್ದ. ಆದರೆ ಈ ನಡುವೆ ಕಣ್ಣು ಕೈ ಕೊಟ್ಟಿತು. ಮ್ಯಾಕ್ಯುಲರ್ ಡಿಜೆನರೇಶನ್ ಅಂತ. ಕಣ್ಣಿನ ನಟ್ಟ ನಡುವಿನ ನೋಟ ಮಸುಕಾಗುತ್ತದೆ, ಅಂಚಿನದು ಉಳಿದಿರುತ್ತದೆ. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಪಕ್ಕದಲ್ಲಿ ಹಾದು ಹೋದ ಬೆಕ್ಕು ಕಾಣುತ್ತದೆ. ಅಕ್ಷರಗಳನ್ನು 48ರ ಸೈಜಿಗೆ ದೊಡ್ಡದು ಮಾಡಿಕೊಂಡು, ಕತ್ತು ಓರೆ ಮಾಡಿ, ಕಣ್ಣಂಚಿನಿಂದ ಓದಿ ಓದಿ ಟೈಪ್ ಮಾಡುತ್ತಿದ್ದ. ದಿನಕ್ಕೆ ಹತ್ತು ಸಾಲು. ಆದರೆ ದಿನಾ ಹತ್ತು ಸಾಲು.

ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇತ್ತು. ಆ ವರ್ಷ ಮೇ ತಿಂಗಳ ಗುಡುಗು ಸಿಡಿಲಿಗೆ ಮದರ್‌ಬೋರ್ಡ್ ಹೋಯಿತು. ಪೇಟೆಯ ಅಂಗಡಿಯವರು ಹಳೇ ಹಾರ್ಡ್ ಡಿಸ್ಕಿನಿಂದ ಅಪ್ಪನ ಫೈಲುಗಳನ್ನೆಲ್ಲ ತೆಗೆದು, ಒಂದು ಸೆಕೆಂಡ್ ಹ್ಯಾಂಡ್ ಸಿಪಿಯುಗೆ ವಿಂಡೋಸ್ 10 ಹಾಕಿ ಕೊಟ್ಟಿದ್ದರು. ಒಳ್ಳೆಯ ಕೆಲಸವನ್ನೇ ಮಾಡಿದ್ದರು, ದೂರುವ ಹಾಗಿಲ್ಲ.

ಆ ಫೋನ್ ಬಂದು ಮೂರು ವಾರ ಆದಮೇಲೆ ಅಮ್ಮನ ಹತ್ತಿರ ಮಾತಾಡುವಾಗ "ಅಪ್ಪನ ಬರವಣಿಗೆ ಎಲ್ಲಿಗೆ ಬಂತು?" ಅಂತ ಕೇಳಿದೆ.

"ಎಲ್ಲಿ ಬರವಣಿಗೆ? ಕಂಪ್ಯೂಟರ್ ಮೇಲೆ ಟವೆಲ್ ಹೊದೆಸಿ ಇಟ್ಟಿದ್ದಾರೆ. ನನ್ನ ಕಣ್ಣಿಗೆ ಇನ್ನು ಇದೆಲ್ಲ ಆಗೋದಲ್ಲ ಅಂತಾರೆ."

ನನಗೆ ಅರ್ಥವಾಗಲಿಲ್ಲ. ಮೂರು ವಾರದಲ್ಲಿ ಕಣ್ಣು ಅಷ್ಟು ಹಾಳಾಗುತ್ತದೆಯೇ? ಆ ಶನಿವಾರ ರಾತ್ರಿ ಬಸ್ಸು ಹತ್ತಿದೆ.

ಭಾನುವಾರ ಬೆಳಿಗ್ಗೆ ಅವಲಕ್ಕಿ ತಿಂದು, "ಅಪ್ಪಾ, ನೀನು ಹಾಕೋ ಹಾಗೆ ಹಾಕು, ನಾನು ನೋಡ್ತೀನಿ" ಅಂತ ಪಕ್ಕದಲ್ಲಿ ಕೂತೆ. ಅಪ್ಪ ಯುಪಿಎಸ್ ಹಾಕಿದ, ಸಿಪಿಯು ಬಟನ್ ಒತ್ತಿದ, ಸುಮ್ಮನೆ ಕೂತ. ಪರದೆ ಬೆಳಗಿತು, ಆರಿತು, ಮತ್ತೆ ಬೆಳಗಿತು. ಅಪ್ಪ ಕಾಯುತ್ತಲೇ ಇದ್ದ. ನಾನು ಬಾಯಿ ಬಿಡಲಿಲ್ಲ. ಕೊನೆಗೆ, ಆನ್ ಆಗಲಿಲ್ಲವೇನೋ ಅಂದುಕೊಂಡು ಇನ್ನೊಮ್ಮೆ ಬಟನ್ ಒತ್ತಿದ. ಅಷ್ಟು ಹೊತ್ತಿಗೆ ವಿಂಡೋಸ್ ಎದ್ದಾಗಿತ್ತಲ್ಲ, ಒತ್ತಿದ್ದೇ ತಡ ಶಟ್‌ಡೌನ್ ಆಗತೊಡಗಿತು.

"ನೋಡು, ದಿನಾ ಹೀಗೇ" ಅಂದ.

ಎರಡನೇ ಸಲ ಅಂದಾಜಿನ ಮೇಲೆ ಪಾಸ್‌ವರ್ಡ್ ಒತ್ತಿದ. ವಿಂಡೋಸ್ 10ರಲ್ಲಿ ಮೊದಲು ಒಂದು ಚಿತ್ರದ ಪರದೆ ಬರುತ್ತದಲ್ಲ, ಅಪ್ಪ ಒತ್ತಿದ ಮೊದಲ ಅಕ್ಷರ ಆ ಪರದೆ ಸರಿಸುವುದಕ್ಕೇ ಖರ್ಚಾಯಿತು. ಉಳಿದದ್ದು ತಪ್ಪು ಪಾಸ್‌ವರ್ಡ್. ಮತ್ತೆ ಒತ್ತಿದ, ಮತ್ತೆ ತಪ್ಪು. ಅಲ್ಲಿ ಕೆಂಪಗೋ ಬಿಳಿಯೋ ಏನು ಬರೆದಿದೆ ಅಂತ ಓದಲಿಕ್ಕೆ ಅವನಿಗೆ ಆಗುವುದಿಲ್ಲ. ಪರದೆಯಲ್ಲಿ ಬೆಳಕು ಬಂದದ್ದು ಗೊತ್ತಾಗುತ್ತದೆ, ಏನು ಬಂತು ಅಂತ ಗೊತ್ತಾಗುವುದಿಲ್ಲ.

ಹಳೇ ಕಂಪ್ಯೂಟರಿನಲ್ಲಿ ಹೀಗಿರಲಿಲ್ಲ. ಬಟನ್ ಒತ್ತಿದ ತಕ್ಷಣ ಡಬ್ಬದೊಳಗಿನಿಂದ ಒಂದು ಪುಟ್ಟ 'ಬೀಪ್'. ಅಂದರೆ ಒಳಗೆಲ್ಲ ಸರಿ ಇದೆ ಅಂತ. ಆಮೇಲೆ ಅಪ್ಪ ಬಾಯಿಗೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಆಮೇಲೆ ಸ್ಪೀಕರಿನಿಂದ ಆ ನಾಲ್ಕು ಸೆಕೆಂಡಿನ ಇಂಪಾದ ಸೌಂಡು. ವಿಂಡೋಸ್ 7ರಲ್ಲಿ ಅದು ಬರುತ್ತಿದ್ದುದು ಸರಿಯಾಗಿ ಪಾಸ್‌ವರ್ಡ್ ಕೇಳುವ ಹೊತ್ತಿಗೆ. ಕೇಳಿದ ಕೂಡಲೇ ಅಪ್ಪ ಪಾಸ್‌ವರ್ಡ್ ಒತ್ತಿ ಎಂಟರ್ ಹೊಡೆಯುತ್ತಿದ್ದ. ಇಷ್ಟೂ ವರ್ಷ ಅವನು ಕಂಪ್ಯೂಟರ್ ಆನ್ ಮಾಡುತ್ತಿದ್ದದ್ದು ಕಿವಿಯಿಂದ. ನಮಗ್ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಅವನಿಗೂ, ಅದು ಹೋಗುವ ತನಕ.

"ಅದೊಂದು ಸೌಂಡ್ ತಾನೇ" ಅಂದಿದ್ದೆನಲ್ಲ.. ಅಲ್ಲೇ ಕೂತಲ್ಲಿ ಅದು ನೆನಪಾಯಿತು.

"ಪಾಸ್‌ವರ್ಡ್ ತೆಗೆದುಬಿಡ್ಲಾ?" ಅಂದೆ. "ಬೇಡ. ಮನೆಗೆ ಬಂದ ಮಕ್ಕಳೆಲ್ಲ ಅದರ ಮೇಲೆ ಕೈ ಆಡಿಸ್ತವೆ, ನನ್ನ ಫೈಲ್ ಇದೆ" ಅಂದ. ಸರಿ, ಹಾಗಾದರೆ ಸೌಂಡೇ ಬರಬೇಕು.

ಹಾಡು ಕೇಳುತ್ತಿದೆ ಅಂದಮೇಲೆ ಸ್ಪೀಕರ್, ವೈರು, ಡ್ರೈವರ್ ಎಲ್ಲ ಸರಿ ಇದೆ ಅಂತಾಯ್ತು. ಆದರೂ ಎಂಜಿನಿಯರ್ ಅನ್ನಿಸಿಕೊಂಡ ಮೇಲೆ ಒಂದು ಸಲ ವೈರು ಕಿತ್ತು ಹಾಕದಿದ್ದರೆ ಹೇಗೆ? ಹಿಂದಿನ ಹಸಿರು ತೂತಿನಲ್ಲಿ ಹಸಿರು ಪಿನ್ನು ಇದೆಯಾ ನೋಡು ಅಂತ ಅಮ್ಮನಿಗೆ ಟಾರ್ಚ್ ಕೊಟ್ಟೆ. "ಯಾವ ಹಸಿರು ಮಾರಾಯಾ, ಇಲ್ಲಿ ಎಲ್ಲದಕ್ಕೂ ಧೂಳಿನ ಬಣ್ಣ" ಅಂದಳು. ಪಿನ್ನು ಸರಿಯಾಗೇ ಇತ್ತು.

ಕಳ್ಳ ಇದ್ದದ್ದು ಸೆಟ್ಟಿಂಗಿನಲ್ಲಿ. ಕೆಳಗಡೆ ಮೂಲೆಯ ಸ್ಪೀಕರ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ 'ಸೌಂಡ್ಸ್' ಅನ್ನುವಲ್ಲಿಗೆ ಹೋದರೆ, ಕೆಳಗೆ 'ಪ್ಲೇ ವಿಂಡೋಸ್ ಸ್ಟಾರ್ಟಪ್ ಸೌಂಡ್' ಅಂತ ಒಂದು ಚೌಕ. ಅದರಲ್ಲಿ ಟಿಕ್ ಇರಲಿಲ್ಲ. ಅಂಗಡಿಯವರು ತೆಗೆದದ್ದಲ್ಲ, ವಿಂಡೋಸ್ 10 ಬರುವುದೇ ಹಾಗೆ. 2012ರಲ್ಲಿ ಬಂದ ವಿಂಡೋಸ್ 8ರಿಂದಲೇ ಆ ಸೌಂಡನ್ನು ಮೊದಲಿಗೇ ಆರಿಸಿಟ್ಟು ಕೊಡತೊಡಗಿದ್ದರು. ಟಿಕ್ ಹಾಕಿದೆ, ರೀಸ್ಟಾರ್ಟ್ ಮಾಡಿದೆ, ಬಂತು! ಅದೇ ಹಳೇ ಸೌಂಡು. ಅಪ್ಪನ ಮುಖ ಅರಳಿತು. ಅಮ್ಮ ಕಾಫಿ ತಂದುಕೊಟ್ಟಳು. ನಾನು ಆ ದಿನವೆಲ್ಲ ದೊಡ್ಡ ಮನುಷ್ಯನ ಹಾಗೆ ಓಡಾಡಿಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಅಪ್ಪ ಎಬ್ಬಿಸಿದ. "ಮತ್ತೆ ಬರ್ಲಿಲ್ಲ."

ಹೋಗಿ ನೋಡಿದೆ. ಟಿಕ್ ಇದ್ದ ಹಾಗೇ ಇದೆ. ರೀಸ್ಟಾರ್ಟ್ ಮಾಡಿದೆ, ಬಂತು. "ಬರ್ತದಲ್ಲ ಅಪ್ಪಾ?" ಅಪ್ಪ ಶಟ್‌ಡೌನ್ ಮಾಡಿ ಮತ್ತೆ ಹಾಕಿದ. ಬರಲಿಲ್ಲ. ನಾನು ರೀಸ್ಟಾರ್ಟ್ ಮಾಡಿದೆ. ಬಂತು. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅಪ್ಪನೇ ಅಂದ, "ಅಲ್ಲ, ನೀನು ಹಾಕಿದ್ರೆ ಬರ್ತದೆ, ನಾನು ಹಾಕಿದ್ರೆ ಬರಲ್ಲ. ನಾನು ಪೂರ್ತಿ ಆಫ್ ಮಾಡಿ ಹಾಕ್ತೀನಿ, ನೀನು ರೀಸ್ಟಾರ್ಟ್ ಮಾಡ್ತೀಯ. ಎರಡೂ ಒಂದೇ ಅಲ್ವೇನೋ?"

ಮೇಷ್ಟ್ರು ಮೇಷ್ಟ್ರೇ.

ಎರಡೂ ಒಂದೇ ಅಲ್ಲ. ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಅಂತ ಒಂದು ವ್ಯವಸ್ಥೆ ಬಂದಿದೆ. ಶಟ್‌ಡೌನ್ ಕೊಟ್ಟರೆ ಕಂಪ್ಯೂಟರ್ ನಮ್ಮ ಪ್ರೋಗ್ರಾಮುಗಳನ್ನೆಲ್ಲ ಮುಚ್ಚುತ್ತದೆ ನಿಜ. ಆದರೆ ವಿಂಡೋಸಿನ ತಿರುಳನ್ನು ಇದ್ದ ಹಾಗೇ ಡಿಸ್ಕಿನ ಮೇಲೆ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಬಟನ್ ಒತ್ತಿದರೆ ಹೊಸದಾಗಿ ಶುರು ಮಾಡುವುದಿಲ್ಲ, ಬರೆದಿಟ್ಟದ್ದನ್ನೇ ಎತ್ತಿಕೊಳ್ಳುತ್ತದೆ. ಸಂತೆಯ ವ್ಯಾಪಾರಿ ಸಾಮಾನು ಗಂಟು ಕಟ್ಟದೆ ಹಾಗೇ ಟಾರ್ಪಾಲು ಮುಚ್ಚಿ ಹೋಗಿ, ಬೆಳಿಗ್ಗೆ ಬಂದು ಟಾರ್ಪಾಲು ಎಳೆದ ಹಾಗೆ. ಬೇಗ ಆಗುತ್ತದೆ. ಆದರೆ ಅದರ ಲೆಕ್ಕದಲ್ಲಿ ಅಂಗಡಿ 'ತೆರೆದದ್ದೇ' ಇಲ್ಲವಲ್ಲ, ಹಾಗಾಗಿ ತೆರೆಯುವಾಗಿನ ಗಂಟೆಯೂ ಇಲ್ಲ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಪೂರ್ತಿ ಗಂಟು ಕಟ್ಟಿ ಪೂರ್ತಿ ಬಿಚ್ಚುತ್ತದೆ.

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ'. ಅಲ್ಲಿ ಮೇಲುಗಡೆಯ ನೀಲಿ ಸಾಲನ್ನು ಒತ್ತಿದ ಮೇಲೆ 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಅನ್ನುವುದರ ಟಿಕ್ ತೆಗೆಯಬಹುದು. ತೆಗೆದೆ. ಅಲ್ಲೇ ಪಕ್ಕದಲ್ಲಿ ಪವರ್ ಬಟನ್ ಒತ್ತಿದರೆ ಏನೂ ಮಾಡಬೇಡ ಅನ್ನುವ ಆಯ್ಕೆಯೂ ಇತ್ತು, ಅದನ್ನೂ ಹಾಕಿದೆ. ಇನ್ನು ಅಪ್ಪ ಅನುಮಾನದಿಂದ ಎರಡನೇ ಸಲ ಒತ್ತಿದರೂ ಆಫ್ ಆಗುವುದಿಲ್ಲ.

"ಆನ್ ಆಗೋದು ಸ್ವಲ್ಪ ನಿಧಾನ ಆಗ್ತದೆ ಅಪ್ಪಾ."

"ಆಗ್ಲಿ. ನನಗೇನು ಬಸ್ ಹಿಡಿಯೋದಿದ್ಯಾ?"

ಅಪ್ಪನೇ ಆಫ್ ಮಾಡಿದ. ಅಪ್ಪನೇ ಹಾಕಿದ. ಎಲೆಗೆ ಸುಣ್ಣ ಹಚ್ಚುತ್ತಾ ಕೂತ. ಸೌಂಡ್ ಬಂತು. ಎಲೆ ಕೆಳಗಿಟ್ಟು, ಒಮ್ಮೆ ಎಂಟರ್ ಒತ್ತಿ ಪರದೆ ಸರಿಸಿ, ಪಾಸ್‌ವರ್ಡ್ ಹೊಡೆದ. ನಾನು ಆ ದಿನ ಆಫೀಸಿಗೆ ರಜೆ ಹಾಕಿದ್ದು ಸಾರ್ಥಕ ಆಯ್ತು.

'ಬೀಪ್' ಮಾತ್ರ ಬಾಕಿ ಉಳಿಯಿತು. ಈಗಿನ ಎಷ್ಟೋ ಕ್ಯಾಬಿನೆಟ್ಟುಗಳಲ್ಲಿ ಆ ಪುಟ್ಟ ಸ್ಪೀಕರ್ ಇರುವುದೇ ಇಲ್ಲ. ನಮ್ಮ ಕಾಲೇಜಿನ ದಿನಗಳಲ್ಲಿ ಅದೇ ನಮ್ಮ ಡಾಕ್ಟರು. ಒಂದು ಬೀಪ್ ಬಂದರೆ ಕ್ಷೇಮ. ನಿಲ್ಲದೆ ಬಡಕೊಳ್ಳುತ್ತಿದ್ದರೆ ಹೆಚ್ಚಿನ ಸಲ ರ್‍ಯಾಮ್ ತೊಂದರೆ, ಕಿತ್ತು ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತಿತ್ತು. ಹಾಸ್ಟೆಲಿನಲ್ಲಿ ನನ್ನ ಪೆನ್ಸಿಲ್ ಬಾಕ್ಸಿನ ರಬ್ಬರಿಗೆ ಎಷ್ಟು ಬೆಲೆ ಇತ್ತು ಅಂತೀರಿ! ಮುಂದಿನ ಸಲ ಊರಿಗೆ ಹೋಗುವಾಗ ಎಸ್.ಪಿ. ರೋಡಿಗೆ ಹೋಗಿ, ಹುಣಸೆ ಬೀಜದಷ್ಟು ದೊಡ್ಡದಿರುವ ಆ ಬಜರ್ ತಂದು ಮದರ್‌ಬೋರ್ಡಿನ ಸ್ಪೀಕರ್ ಪಿನ್ನಿಗೆ ಸಿಕ್ಕಿಸಿದೆ. ಅಂಗಡಿಯ ಹುಡುಗ "ಇದು ಯಾಕ್ ಸಾರ್ ಈಗ?" ಅಂತ ನಕ್ಕಿದ್ದ.

ಇದೆಲ್ಲ ಆದಮೇಲೆ ನನಗೆ ಆ ಸೌಂಡಿನ ಮೇಲೆ ಕುತೂಹಲ ಹುಟ್ಟಿ ಒಂದಷ್ಟು ಓದಿದೆ. ವಿಂಡೋಸ್ 95ರ ಸೌಂಡ್ ಮಾಡಿಕೊಟ್ಟವರು ಬ್ರಯಾನ್ ಈನೋ ಎಂಬ ಸಂಗೀತಗಾರ. ಇಂಥಾ ಗುಣ ಇರಬೇಕು, ಅಂಥಾ ಗುಣ ಇರಬೇಕು ಅಂತ ಕಂಪನಿ ಕಡೆಯವರು ಒಂದು ದೊಡ್ಡ ಪಟ್ಟಿಯನ್ನೇ ಕೊಟ್ಟು, ಇಷ್ಟೆಲ್ಲ ಕೆಲವೇ ಸೆಕೆಂಡಿನಲ್ಲಿ ಮುಗಿಯಬೇಕು ಅಂದರಂತೆ. ಅವರು 84 ತುಣುಕು ಮಾಡಿದ್ದರಂತೆ. ಅಪ್ಪನ ಸೌಂಡು ವಿಸ್ತಾಕ್ಕೆಂದು ಮಾಡಿ 7ರಲ್ಲೂ ಉಳಿದದ್ದು. ಅದರ ಹಿಂದೆ ಇದ್ದವರಲ್ಲಿ ರಾಬರ್ಟ್ ಫ್ರಿಪ್ ಎಂಬ ಗಿಟಾರ್ ವಾದಕರೂ ಒಬ್ಬರು. ಆಪಲ್‌ನವರ ಕಂಪ್ಯೂಟರ್ ಶುರುವಾಗುವಾಗಿನ ನಾದ ಜಿಮ್ ರೀಕ್ಸ್ ಎಂಬ ಎಂಜಿನಿಯರ್ ಮಾಡಿದ್ದು. 2016ರ ಮ್ಯಾಕ್‌ಬುಕ್ ಪ್ರೋದಲ್ಲಿ ಅದನ್ನೂ ತೆಗೆದರು, 2020ರಲ್ಲಿ ಬೇಕಾದವರು ಹಾಕಿಕೊಳ್ಳಿ ಅಂತ ಸೆಟ್ಟಿಂಗ್ ಕೊಟ್ಟರು. ವಿಂಡೋಸಿನವರೂ 2021ರ ವಿಂಡೋಸ್ 11ರಲ್ಲಿ ಹೊಸ ಸೌಂಡ್ ಮಾಡಿ, ಮೊದಲಿಗೇ ಬರುವ ಹಾಗೆ ಮತ್ತೆ ಇಟ್ಟರು.

ತೆಗೆದದ್ದು ತಪ್ಪು ಅಂತ ನಾನು ಹೇಳಲಾರೆ. ಲೈಬ್ರರಿಯಲ್ಲೋ ಮೀಟಿಂಗಿನಲ್ಲೋ ಲ್ಯಾಪ್‌ಟಾಪ್ ತೆರೆದಾಗ ಎಲ್ಲರೂ ತಿರುಗಿ ನೋಡಿದ್ದು ನನಗೂ ಆಗಿದೆ. ನಾನೂ ಆಫೀಸಿನ ಕಂಪ್ಯೂಟರಿನಲ್ಲಿ ಮೊದಲು ಮಾಡುವ ಕೆಲಸವೇ ಅದನ್ನು ಆರಿಸುವುದಾಗಿತ್ತು. ನಮ್ಮ ಆಫೀಸಿನಲ್ಲೂ ಹೀಗೇ, 'ಇದನ್ನು ಯಾರು ಬಳಸ್ತಾರೆ' ಅಂತ ಎಷ್ಟೋ ಸಣ್ಣ ಸಣ್ಣ ವಸ್ತುಗಳನ್ನು ತೆಗೆದಿದ್ದೇವೆ. ಈಗ ಹಾಗೆ ತೆಗೆಯುವಾಗ ಒಂದು ಸಲ ನಮ್ಮ ಮನೆಯ ಮೂಲೆಯಲ್ಲಿ ಟವೆಲ್ ಹೊದ್ದು ಕೂತಿದ್ದ ಆ ಕಂಪ್ಯೂಟರ್ ನೆನಪಾಗುತ್ತದೆ.

ನಿಮ್ಮ ಮನೆಯಲ್ಲೂ ಯಾರಾದರೂ "ಸೌಂಡ್ ಬರ್ತಾ ಇಲ್ಲ" ಅಂದರೆ ಮೊದಲು ಆ ಚೌಕದ ಟಿಕ್ ನೋಡಿ, ಆಮೇಲೆ ಫಾಸ್ಟ್ ಸ್ಟಾರ್ಟಪ್. ಮಾನಿಟರಿಗೆ ಎಚ್‌ಡಿಎಂಐ ವೈರು ಹಾಕಿದ್ದರೆ ಸೌಂಡು ಸ್ಪೀಕರ್ ಬಿಟ್ಟು ಮಾನಿಟರ್ ಕಡೆಗೆ ಹೋಗಿರಲೂಬಹುದು, ಅದನ್ನೂ ನೋಡಿ. ಅದಕ್ಕೂ ಮೊದಲು, "ಬರದಿದ್ರೆ ಏನಾಗ್ತದೆ?" ಅಂತ ಕೇಳಿ. ನನ್ನ ಹಾಗೆ ಸಿಟ್ಟಿನಲ್ಲಲ್ಲ, ನಿಜವಾಗಿ ಕೇಳಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಪ್ಪನ ಆ ಹಳೇ ಸಿಪಿಯು 11ಕ್ಕೆ ಒಗ್ಗುವುದಿಲ್ಲ. "ಹೊಸದೇ ತಗೊಳೋಣ ಅಪ್ಪಾ" ಅಂದೆ. ಗದ್ದೆಗಳ ಹೆಸರೆಲ್ಲ ಮುಗಿದು ಈಗ ಅವನು ಹಳ್ಳಗಳಿಗೆ ಬಂದಿದ್ದಾನೆ. ಎಷ್ಟು ದುಡ್ಡು, ಯಾವ ಕಂಪನಿ ಏನೂ ಕೇಳಲಿಲ್ಲ.

"ಅದರಲ್ಲಿ ಸೌಂಡ್ ಬರ್ತದಾ?" ಅಂದ.